ಆಕ್ಸಲ್ ಕತ್ತರಿಸುವ ಮೊದಲು

ಆ ಕಾರಿನ ಮುಂಭಾಗದ ಆಕ್ಸಲ್‌ನ ಮೇಲೆ ಬಿಳಿ ಗೆರೆ ಬಿದ್ದದ್ದು ಒಂದು ಗುರುವಾರ ಬೆಳಿಗ್ಗೆ. ಗೆರೆ ಎಳೆದವರು ಇಲ್ಲಿ ಕತಾರಿನಲ್ಲಿರುವ ನಮ್ಮ ವರ್ಕ್‌ಶಾಪಿನ ಮ್ಯಾನೇಜರ್. ಮೈಸೂರಿನ ಕಡೆಯವರು, ಇಂಜಿನಿಯರಿಂಗ್ ಓದಿದವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಗೆರೆ ಇರುವ ಕಡೆ ಹಳೆಯ ಬ್ರೇಕಿನ ಹಿಡಿಕೆಗಳನ್ನು ಕೊಯ್ದು ತೆಗೆಯುವುದು, ಆಕ್ಸಲ್‌ಗೆ ತೂತು ಕೊರೆದು ಹೊಸ ಬ್ರಾಕೆಟ್ ಬೆಸೆಯುವುದು, ಈ ಕಾಲದ ಡಿಸ್ಕ್ ಬ್ರೇಕ್ ಕೂರಿಸುವುದು ಎಂದು ತೀರ್ಮಾನವಾಗಿತ್ತು. ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮಿಂದ ಎರಡು ಬೀದಿ ಆಚೆಗಿರುವ ಮೆಷಿನ್ ಶಾಪಿನಲ್ಲಿ ಮುಂದಿನ ವಾರದ ಶನಿವಾರಕ್ಕೆ ಸಮಯವನ್ನೂ ಗೊತ್ತುಮಾಡಿದ್ದರು.

ಈ ತೀರ್ಮಾನಕ್ಕೆ ಕಾರಣವಿತ್ತು. ಹಿಂದಿನ ಶುಕ್ರವಾರ ಕಾರಿನ ಮಾಲೀಕರು, ಎಪ್ಪತ್ತು ದಾಟಿದ ಕತಾರಿ ಹಿರಿಯರು, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಮ್ಮ್ ಸಲಾಲ್‌ನ ತಮ್ಮ ಮನೆಯ ಬಳಿ ಕಾರು ಓಡಿಸುತ್ತಿದ್ದರು. ರಸ್ತೆಯ ಹಂಪ್ ದಾಟಿ ಬ್ರೇಕ್ ತುಳಿದೊಡನೆ ಕಾರು ನಡುಗಿ, ಎಡಕ್ಕೆ ತಿರುಗಿ, ಕಾಂಪೌಂಡ್ ಗೋಡೆಗೆ ಒಂದು ಗೇಣು ಉಳಿದಾಗ ನಿಂತಿತು. ಮಗುವಿನ ತುಟಿ ಡ್ಯಾಶ್‌ಬೋರ್ಡಿನ ಮರಕ್ಕೆ ಬಡಿದು ಒಡೆಯಿತು. ಎರಡು ಹೊಲಿಗೆ. ಮಾಲೀಕರ ಮಗ ಮಾರನೆಯ ದಿನವೇ ಕಾರನ್ನು ನಮ್ಮಲ್ಲಿಗೆ ಕಳಿಸಿ, ಇದರ ಬ್ರೇಕನ್ನು ಬೇರಿನಿಂದ ಬದಲಾಯಿಸಬೇಕು, ಇಲ್ಲವಾದರೆ ತಂದೆಯ ಕೈಗೆ ಕೀಲಿ ಕೊಡುವುದಿಲ್ಲ ಎಂದು ಹೇಳಿಸಿದ್ದರು.

ಕಾರು ಎರಡು ಮಹಾಯುದ್ಧಗಳ ನಡುವಿನ ಕಾಲದ್ದು. ಕೆಲವು ವರ್ಷಗಳಿಂದ ಅದರ ರಿಪೇರಿಯೆಲ್ಲ ನನ್ನ ಕೈಯಲ್ಲೇ. ತಯಾರಕರ ಹೆಸರು ಇಲ್ಲಿ ಅಗತ್ಯವಿಲ್ಲ. ಅದರಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕ್ ಇಲ್ಲ. ಪೆಡಲ್ ತುಳಿದರೆ ಚಾಸಿಗೆ, ಅಂದರೆ ಕಾರಿನ ಅಡಿಚೌಕಟ್ಟಿಗೆ, ಅಡ್ಡಲಾಗಿ ಕೂತಿರುವ ದಂಡವೊಂದು ತಿರುಗುತ್ತದೆ. ದಂಡದಿಂದ ನಾಲ್ಕು ಚಕ್ರಗಳಿಗೆ ನಾಲ್ಕು ಉಕ್ಕಿನ ರಾಡ್‌ಗಳು ಹೋಗುತ್ತವೆ. ರಾಡ್ ಎಳೆದರೆ ಆಕ್ಸಲ್‌ನ ಮೇಲೆ ನೆಟ್ಟಗೆ ನಿಂತ ಲಿವರ್ ಹಿಂದಕ್ಕೆ ಬಾಗಿ, ಡ್ರಮ್ಮಿನೊಳಗಿನ ಬ್ರೇಕ್ ಶೂಗಳು ಅಗಲವಾಗುತ್ತವೆ. ಕೇಳಲು ಸರಳ. ತೊಡಕು ಇರುವುದು ಒಂದೇ ಕಡೆ: ದಂಡ ಚಾಸಿಯ ಮೇಲಿದೆ, ಲಿವರ್ ಆಕ್ಸಲ್‌ನ ಮೇಲಿದೆ, ಇವೆರಡರ ನಡುವೆ ಸ್ಪ್ರಿಂಗ್ ಇದೆ. ಸ್ಪ್ರಿಂಗ್ ಅಲುಗಿದಂತೆಲ್ಲ ಎರಡರ ನಡುವಿನ ದೂರ ಬದಲಾಗುತ್ತದೆ. ಅಂದರೆ ಈ ಕಾರಿನಲ್ಲಿ ಸ್ಪ್ರಿಂಗ್ ಬೇರೆ, ಬ್ರೇಕ್ ಬೇರೆ ಎಂದು ಯೋಚಿಸುವವನು ಮೊದಲ ಹೆಜ್ಜೆಯಲ್ಲೇ ಎಡವುತ್ತಾನೆ.

ಈ ಮಾದರಿಯ ಕಾರುಗಳ ಮುಂಭಾಗದ ಬ್ರೇಕ್ ಹುಟ್ಟಿನಿಂದಲೇ ಒರಟು, ಅದು ಎಡಕ್ಕೆಳೆಯುವುದು ಸಹಜ ಎಂಬ ಮಾತು ಈ ಕಸುಬಿನವರಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಹರಾಜಿನ ಪುಸ್ತಿಕೆಯಲ್ಲಿಯೂ ಅದೇ, ಹೊರದೇಶದ ತಜ್ಞರೊಬ್ಬರು ಮ್ಯಾನೇಜರ್‌ಗೆ ಬರೆದ ಇಮೇಲಿನಲ್ಲಿಯೂ ಅದೇ. ನನಗೆ ಈ ಮಾತಿನ ಮೇಲೆ ಎಂದೂ ನಂಬಿಕೆಯಿರಲಿಲ್ಲ. ಆ ಕಾಲದಲ್ಲಿ ಇಂಥ ಕಾರು ಕೊಳ್ಳುತ್ತಿದ್ದವರು ರಾಜರು, ದೊಡ್ಡ ವ್ಯಾಪಾರಿಗಳು. ಗೋಡೆಗೆ ಹೋಗಿ ಗುದ್ದುವ ಕಾರನ್ನು ಅವರ ಮನೆ ಬಾಗಿಲಿಗೆ ಕಳಿಸಿ ಯಾವ ಕಾರ್ಖಾನೆ ಬದುಕಿಕೊಂಡೀತು? ಎಲ್ಲರೂ ಹೇಳುತ್ತಾರೆ ಎನ್ನುವುದು ಎಲ್ಲರೂ ಅಳೆದು ನೋಡಿದ್ದಾರೆ ಎಂಬುದಕ್ಕೆ ಸಾಕ್ಷಿಯಲ್ಲ. ಶಾಲೆಯನ್ನು ಏಳನೆಯ ತರಗತಿಗೇ ಬಿಟ್ಟು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪುಸ್ತಕವನ್ನು ತಡಕಾಡಿ ಕಲಿತವನಿಗೆ ಅಚ್ಚಾದ ಮಾತಿನ ಮೇಲೆ ಗೌರವಕ್ಕಿಂತ ಗುಮಾನಿಯೇ ಹೆಚ್ಚು.

ಗೆರೆ ಎಳೆದು ಎದ್ದು ನಿಂತ ಮ್ಯಾನೇಜರ್‌ಗೆ ನಾನು ಹೇಳಿದೆ: "ಸಾರ್, ಶನಿವಾರದವರೆಗೆ ಈ ಕಾರು ನನಗೆ ಬಿಡಿ. ಅಷ್ಟರಲ್ಲಿ ಸರಿ ಆಗದಿದ್ರೆ ನೀವು ಕೊಯ್ಯಿರಿ. ನಾನು ಬಾಯಿ ತೆರೆಯುವುದಿಲ್ಲ."

"ನೀವು ಬಾಯಿ ತೆರೆಯಲ್ಲ ಅನ್ನೋದನ್ನ ಬರ್ಕೊಡ್ತೀರಾ ಯಜಮಾನ್ರೇ?" ಎಂದು ಅವರು ನಕ್ಕರು. ನಗು ಬೇಗ ನಿಂತಿತು. "ನೋಡಿ, ಇದು ಪುಸ್ತಕದ ವಾದ ಅಲ್ಲ. ಆ ಮಗು ಮುಖ ಗೋಡೆಗೆ ಹೊಡೆದಿದ್ರೆ ನಾವಿಬ್ರೂ ಏನ್ ಹೇಳ್ತಿದ್ವಿ? ಒಂಬತ್ತು ದಿನ. ಆಮೇಲೆ ಖಲಾಸ್."

ಅದು ಬೇಸಿಗೆ. ಹಗಲು ಹತ್ತರ ನಂತರ ಬಯಲಿನಲ್ಲಿ ಕೆಲಸ ಮಾಡುವಂತಿಲ್ಲ. ಆದ್ದರಿಂದ ರಸ್ತೆಯ ಪರೀಕ್ಷೆಗಳೆಲ್ಲ ಬೆಳಿಗ್ಗೆ ಐದಕ್ಕೆ, ಕಂಪನಿ ಬಸ್ಸುಗಳು ಕೆಲಸಗಾರರನ್ನು ತುಂಬಿಕೊಂಡು ಹೊರಡುವ ಮುಂಚೆ, ವರ್ಕ್‌ಶಾಪಿನ ಹಿಂದಿನ ನೇರ ರಸ್ತೆಯಲ್ಲಿ. ರಸ್ತೆಯ ಮೇಲೆ ಸುಣ್ಣದ ಗೆರೆ ಹಾಕಿ, ಗೆರೆಯ ಮೇಲೆ ಎಡಚಕ್ರ ಇಟ್ಟು ನಲವತ್ತರ ವೇಗದಲ್ಲಿ ಬಂದು ಬ್ರೇಕ್ ತುಳಿಯುವುದು. ಚಕ್ರ ಗೆರೆಯಿಂದ ಎಷ್ಟು ಸರಿಯಿತೆಂದು ಟೇಪು ಹಿಡಿದು ಅಳೆಯುವುದು. ಟೇಪಿನ ಇನ್ನೊಂದು ತುದಿ ಹಿಡಿದವರು ನಮ್ಮ ಟರ್ನರ್, ಉಡುಪಿ ಕಡೆಯವರು, ನನ್ನ ಹಾಗೆ ಮನೆಯಲ್ಲಿ ತುಳು ಆಡುವವರು.

ಮೊದಲ ಎರಡು ದಿನ ವ್ಯರ್ಥವಾದವು. ಬ್ರೇಕ್ ಲೈನಿಂಗ್ ಅತಿ ಗಡುಸಾಗಿರಬಹುದೆಂದು ಮೆದು ಲೈನಿಂಗ್ ಹಾಕಿದೆ. ಕಾರು ನಿಲ್ಲುವ ದೂರ ಹೆಚ್ಚಿತೇ ಹೊರತು ನಡುಕ ಹೋಗಲಿಲ್ಲ. ಡ್ರಮ್‌ಗಳು ವೃತ್ತ ತಪ್ಪಿರಬಹುದೆಂದು ಲೇತ್‌ಗೆ ಹಾಕಿಸಿದೆ. ಟರ್ನರ್ ಡಯಲ್ ಗೇಜ್ ತೋರಿಸಿ, "ಇಗೊಳ್ಳಿ, ಕೂದಲೆಳೆಯಷ್ಟೂ ಇಲ್ಲ. ಚಂದ್ರನಾದ್ರೂ ಇಷ್ಟು ಉರುಟು ಇರ್ಲಿಕ್ಕಿಲ್ಲ" ಎಂದರು. ಮೂರನೆಯ ದಿನ ಸ್ಪ್ರಿಂಗಿನ ಕುಣಿತ ತಡೆಯುವ ಡ್ಯಾಂಪರ್‌ಗಳನ್ನು ಬಿಗಿ ಮಾಡಿದೆ. ಕಾರು ಎತ್ತಿನ ಗಾಡಿಯಾಯಿತು. ಎಡಕ್ಕೆಳೆಯುವುದು ಎರಡು ಅಂಗುಲ ಹೆಚ್ಚಾಯಿತು.

ಆ ದಿನ ಊಟಕ್ಕೆ ಕೂರಲಾಗಲಿಲ್ಲ. ತಟ್ಟೆ ಹಿಡಿದು ಕಾರಿನ ಸುತ್ತ ನಡೆಯುತ್ತಿದ್ದೆ. ಟರ್ನರ್ ಮೂಲೆಯಿಂದ ಕೂಗಿದರು: "ಎಂತ ಮಾರಾಯ್ರೆ, ಪ್ರದಕ್ಷಿಣೆಯಾ? ನಿಮ್ದು ಒಂದು ಕಥೆ. ಗ್ರಹಣ ಯಾವಾಗ ಅಂತ ಪಂಚಾಂಗದಲ್ಲಿ ಉಂಟು ಅಂದ್ರೂ ನೀವು ಸೂರ್ಯನನ್ನೇ ಕರೆಸಿ ವಿಚಾರಿಸುವವರು."

"ಸೂರ್ಯ ಸಿಗ್ತಾನೆ, ಈ ಆಕ್ಸಲ್ ಬಾಯಿ ಬಿಡುದಿಲ್ಲವಲ್ಲ," ಎಂದೆ.

ಹೇಳಿದ ಮೇಲೆ ಅನಿಸಿತು: ಬಾಯಿ ಬಿಡಿಸಬಹುದು. ಗಟ್ಟಿ ತಂತಿಯ ಎರಡು ತುಂಡುಗಳನ್ನು ಆಕ್ಸಲ್‌ನ ಎಡಕ್ಕೂ ಬಲಕ್ಕೂ ಕಟ್ಟಿ, ಅವುಗಳ ತುದಿಗೆ ಪೆನ್ಸಿಲ್ಲಿನ ಕಡ್ಡಿ ಸಿಕ್ಕಿಸಿದೆ. ಎದುರಿಗೆ ಚಾಸಿಯ ಮೇಲೆ ಬಿಡಿಭಾಗದ ಪೆಟ್ಟಿಗೆಯಿಂದ ಹರಿದ ರಟ್ಟು ಅಂಟಿಸಿದೆ. ಬ್ರೇಕ್ ಹಾಕಿದಾಗ ಆಕ್ಸಲ್ ಹೇಗೆ ಅಲುಗುತ್ತದೆಂಬುದನ್ನು ಅದೇ ಬರೆಯಬೇಕು. ಸೋಮವಾರ ಬೆಳಿಗ್ಗೆ ಆರು ಬಾರಿ ಓಡಿಸಿ, ಆರು ಬಾರಿ ರಟ್ಟು ಬದಲಾಯಿಸಿದೆವು. ಬಲಗಡೆಯ ಗೆರೆ ಬೆರಳಿನ ಅರ್ಧ ಗೆಣ್ಣಿನಷ್ಟು. ಎಡಗಡೆಯದು ಅದರ ಎರಡರಷ್ಟು, ಮತ್ತು ಅದು ಒಂದೇ ಗೆರೆಯಾಗಿರಲಿಲ್ಲ. ಗರಗಸದ ಹಲ್ಲಿನಂತೆ ಹಿಂದೆ ಮುಂದೆ ಹೋಗಿ ಬಂದಿತ್ತು.

ಅರ್ಥ ಸ್ಪಷ್ಟವಾಗಿತ್ತು. ಬ್ರೇಕ್ ಹಿಡಿದಾಗ ತಿರುಗುವ ಚಕ್ರ ಆಕ್ಸಲ್‌ನ ತಲೆಯನ್ನು ಮುಂದಕ್ಕೆ ತಿರುಚುತ್ತದೆ. ಸ್ಪ್ರಿಂಗ್ ಅದನ್ನು ತಡೆಯಬೇಕು. ಎಡಗಡೆಯ ಸ್ಪ್ರಿಂಗ್ ತಡೆಯುತ್ತಿರಲಿಲ್ಲ. ಆಕ್ಸಲ್‌ನ ತಲೆ ಮುಂದೆ ಹೋದಂತೆ ರಾಡ್ ಇನ್ನಷ್ಟು ಬಿಗಿದು, ಬ್ರೇಕ್ ಇನ್ನಷ್ಟು ಕಚ್ಚಿ, ಟೈರು ಜಾರಿದೊಡನೆ ಎಲ್ಲವೂ ಹಿಂದಕ್ಕೆ ಚಿಮ್ಮಿ, ಮತ್ತೆ ಅದೇ. ನಡುಕವೆಂದರೆ ಇದು.

ಎಡಗಡೆಯ ಸ್ಪ್ರಿಂಗನ್ನು ಬಿಚ್ಚಿದೆವು. ಬಾಗಿದ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಸ್ಪ್ರಿಂಗ್ ಅದು. ಬಲಗಡೆ ಒಂಬತ್ತು ಪ್ಲೇಟುಗಳಿದ್ದರೆ ಇಲ್ಲಿ ಎಂಟು. ಒಂಬತ್ತನೆಯದರ ದಪ್ಪಕ್ಕೆ ಸರಿಯಾದ ಉಕ್ಕಿನ ಚಪ್ಪಟೆ ತುಂಡೊಂದನ್ನು ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಕೂರಿಸಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಯಾವ ದೇಶದಲ್ಲಿ, ಯಾರು, ಯಾವಾಗ ಎಂಬುದು ಇನ್ನು ತಿಳಿಯುವಂತಿಲ್ಲ. ಮುರಿದ ಪ್ಲೇಟನ್ನು ತೆಗೆದು, ಕಾರು ಎಡಕ್ಕೆ ವಾಲದಂತೆ ತುಂಡನ್ನು ತುಂಬಿ ಕೈತೊಳೆದುಕೊಂಡಿದ್ದರು. ಎತ್ತರ ಸರಿಯಾಗಿದ್ದುದರಿಂದ ಯಾರೂ ಪ್ಲೇಟು ಎಣಿಸಲಿಲ್ಲ. ನಾನೂ ಎಣಿಸಿರಲಿಲ್ಲ.

ಲಾರಿಗಳಿಗೆ ಸ್ಪ್ರಿಂಗ್ ಕಟ್ಟುವ ಪಠಾಣರೊಬ್ಬರ ಅಂಗಡಿ ನಮ್ಮ ಬೀದಿಯಲ್ಲೇ ಇದೆ. ಬಲಗಡೆಯ ಪ್ಲೇಟನ್ನು ಮಾದರಿಗೆ ಕೊಟ್ಟು, ಇದೇ ದಪ್ಪ, ಇದೇ ಬಾಗು ಎಂದೆ. ಅವರು ಪ್ಲೇಟನ್ನು ಬೆರಳಿನಿಂದ ಮೀಟಿ ನೋಡಿ, "ಚಾಚಾ, ಡಂಪರ್ ಲಾರಿಯವನ ಹತ್ತಿರ ಸಿತಾರಿನ ತಂತಿ ಕೇಳ್ತಾ ಇದ್ದೀರಿ" ಎಂದು ಹಿಂದಿಯಲ್ಲಿ ಗೊಣಗಿದರು. ಆದರೂ ಎರಡು ಬಾರಿ ಕಾಯಿಸಿ, ಎರಡು ಬಾರಿ ಎಣ್ಣೆಯಲ್ಲಿ ಅದ್ದಿ, ಮೊದಲನೆಯದನ್ನು ತಾವೇ ತಿರಸ್ಕರಿಸಿ ಎರಡನೆಯದನ್ನು ಬುಧವಾರ ಸಂಜೆ ಕೈಗಿತ್ತರು.

ಗುರುವಾರ ಬೆಳಿಗ್ಗೆ ಕಾರು ಸುಣ್ಣದ ಗೆರೆಯ ಮೇಲೆ ನೇರ ನಿಂತಿತು. ನಡುಕವಿಲ್ಲ. ಮೂರು ಬಾರಿ, ನಾಲ್ಕು ಬಾರಿ. ಟರ್ನರ್ ಟೇಪನ್ನು ಕುತ್ತಿಗೆಗೆ ಮಾಲೆಯಂತೆ ಹಾಕಿಕೊಂಡರು. ನಾನು ಅಲ್ಲಿಗೇ ನಿಲ್ಲಿಸಿದ್ದರೆ ಆ ದಿನ ಗೆದ್ದವನಾಗುತ್ತಿದ್ದೆ. ಆದರೆ ಮಗುವಿನ ತುಟಿ ಒಡೆದದ್ದು ಸಮತಟ್ಟಾದ ರಸ್ತೆಯಲ್ಲಲ್ಲ. ರಸ್ತೆಯ ಕೊನೆಯಲ್ಲಿದ್ದ ಹಂಪ್‌ನ ಕಡೆಗೆ ಕಾರು ತಿರುಗಿಸಿದೆ. ಹಂಪ್‌ನಿಂದ ಮುಂಚಕ್ರ ಕೆಳಗಿಳಿದು ಸ್ಪ್ರಿಂಗ್ ಕುಗ್ಗಿದ ಕ್ಷಣ, ನಾನು ಪೆಡಲ್ ಮುಟ್ಟುವ ಮುಂಚೆಯೇ, ಕಾರು ತಾನೇ ಬ್ರೇಕ್ ಹಿಡಿದಂತೆ ತಡವರಿಸಿತು. ತುಳಿದಾಗ ಎಡಕ್ಕೆ ಒಂದೂವರೆ ಗೇಣು ಸರಿಯಿತು.

ಟರ್ನರ್ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

ಕಾರನ್ನು ಒಳಗೆ ತಂದು ಲಿಫ್ಟಿನ ಮೇಲೆ ಏರಿಸಿದೆವು. ನಮ್ಮ ಲಿಫ್ಟ್ ಎರಡು ಕಂಬದ್ದು. ಅದರ ತೋಳುಗಳು ಚಾಸಿಯನ್ನು ಹಿಡಿದು ಎತ್ತುತ್ತವೆ, ಚಕ್ರಗಳು ಕೆಳಗೆ ಜೋತಾಡುತ್ತವೆ. ನಾನು ಯಾವಾಗಲೂ ಮಾಡುವಂತೆ ಚಕ್ರ ತಿರುಗಿಸುತ್ತಾ ಎರಡೂ ರಾಡ್‌ಗಳನ್ನು ಹೊಂದಿಸಿದೆ. ಇಳಿಸಲು ಹೇಳಿದೆ. ಆ ದಿನ ಮಾತ್ರ ದೂರ ಸರಿಯಲು ಮನಸ್ಸಾಗದೆ, ಬಗ್ಗಿ ಎಡಗಡೆಯ ರಾಡ್ ನೋಡುತ್ತಿದ್ದೆ. ಚಕ್ರ ನೆಲ ಮುಟ್ಟಿತು. ಕಾರಿನ ಭಾರ ಸ್ಪ್ರಿಂಗಿನ ಮೇಲೆ ಬಂದಂತೆ ಅದು ಚಪ್ಪಟೆಯಾಗಿ ಉದ್ದವಾಯಿತು. ಅದರ ಹಿಂದಿನ ತುದಿ ಚಾಸಿಗೆ ಕೀಲು ಹಾಕಿ ಕೂತದ್ದು, ಆದ್ದರಿಂದ ಆಕ್ಸಲ್ ಮುಂದಕ್ಕೆ ಸರಿಯಿತು. ಸಡಿಲವಾಗಿದ್ದ ರಾಡ್ ನನ್ನ ಕಣ್ಣೆದುರೇ ತಂತಿಯಂತೆ ಬಿಗಿಯಿತು. ಪೆಡಲ್‌ನ ಮೇಲೆ ಯಾರ ಕಾಲೂ ಇರಲಿಲ್ಲ.

ಅಂದರೆ ಈ ಕಾರು ನಮ್ಮ ಬಾಗಿಲಿನಿಂದ ಹೊರಬಿದ್ದಾಗಲೆಲ್ಲ ಅರ್ಧ ಬ್ರೇಕ್ ಹಿಡಿದುಕೊಂಡೇ ಹೋಗುತ್ತಿತ್ತು. ಹಂಪ್ ದಾಟಿ ಸ್ಪ್ರಿಂಗ್ ಇನ್ನಷ್ಟು ಚಪ್ಪಟೆಯಾದಾಗ ಉಳಿದರ್ಧವನ್ನೂ ತಾನೇ ಹಿಡಿಯುತ್ತಿತ್ತು. ಡ್ರಮ್ ಬಿಸಿಯಾಗುತ್ತದೆಂದು ಮಾಲೀಕರ ಡ್ರೈವರ್ ಎರಡು ಬಾರಿ ಹೇಳಿದ್ದ. ಈ ಊರಿನ ಬೇಸಿಗೆಯಲ್ಲಿ ತಣ್ಣಗಿರುವ ಲೋಹ ಯಾವುದಿದೆ ಎಂದು ನಾನು ಅವನನ್ನು ಗದರಿದ್ದೆ.

ಕಪಾಟಿನಿಂದ ಕಾರಿನ ಹಳೆಯ ಕೈಪಿಡಿಯ ಪ್ರತಿಯನ್ನು ತೆಗೆದೆ. ಬ್ರೇಕಿನ ಪುಟ ಹುಡುಕಬೇಕಾಗಿರಲಿಲ್ಲ. ಅಲ್ಲಿ ಏನಿದೆಯೆಂಬುದು ನನಗೆ ಆಗಲೇ ನೆನಪಾಗಿತ್ತು. ರಾಡ್ ಹೊಂದಿಸುವಾಗ ಜಾಕನ್ನು ಆಕ್ಸಲ್‌ನ ಕೆಳಗೇ ಇಡಬೇಕು, ಚಾಸಿಯ ಕೆಳಗಲ್ಲ ಎಂದು ಅಲ್ಲಿ ಒಂದು ಸಾಲಿದೆ. ಆಕ್ಸಲ್‌ನ ಕೆಳಗೆ ಜಾಕ್ ಇಟ್ಟರೆ ಚಕ್ರವೂ ತಿರುಗುತ್ತದೆ, ಕಾರಿನ ಭಾರವೂ ಸ್ಪ್ರಿಂಗಿನ ಮೇಲೆ ಉಳಿಯುತ್ತದೆ. ಆ ಸಾಲಿನ ಮೇಲೆ ಪೆನ್ಸಿಲ್ಲಿನ ಗೀಟು ಇತ್ತು. ಪಕ್ಕದಲ್ಲಿ ಕನ್ನಡದಲ್ಲಿ, ನನ್ನ ಅಕ್ಷರದಲ್ಲಿ: ಲಿಫ್ಟ್ ಇಲ್ಲದ ಕಾಲದ ಮಾತು, ನಮಗೆ ಬೇಡ.

ಪುಸ್ತಕವನ್ನು ನಂಬದವನೆಂದು ನನಗಿದ್ದ ಹೆಮ್ಮೆ ಅದೊಂದೇ ಸಾಲಿನ ಮೇಲೆ ಒರಗಿ ನಿಂತಿರಲಿಲ್ಲ ನಿಜ. ಆದರೆ ಆ ಮಗುವಿನ ತುಟಿ ಒಡೆದದ್ದು ಅದೊಂದೇ ಸಾಲಿನಿಂದ.

ಮ್ಯಾನೇಜರ್ ಕೋಣೆಗೆ ಹೋಗಿ ಪುಟವನ್ನು ಅವರ ಮುಂದಿಟ್ಟೆ. ಅವರು ಎರಡು ಬಾರಿ ಓದಿದರು. ಪೆನ್ಸಿಲ್ಲಿನ ಮಾತನ್ನು ಮೂರು ಬಾರಿ.

"ಈಗ ಸರಿ ಮಾಡಕ್ಕಾಗತ್ತಾ?"

"ಆಗ್ತದೆ. ನಾಳೆ ಬೆಳಿಗ್ಗೆ ತೋರಿಸ್ತೇನೆ."

"ಹಾಗಾದ್ರೆ ಮಾಡಿ. ಕಾರಿನ ಅರ್ಬಾಬ್‌ಗೆ ಪ್ಲೇಟ್ ಇರ್ಲಿಲ್ಲ, ಹಾಕಿದ್ವಿ ಅಂತ ಹೇಳಿದ್ರೆ ಸಾಕು." ಪುಸ್ತಕ ಮುಚ್ಚಿ ನನ್ನ ಕಡೆಗೆ ತಳ್ಳಿದರು. "ಅದೂ ನಿಜ ತಾನೇ? ಇದನ್ನ ಹೇಳಿದ್ರೆ ಏನಾಗತ್ತೆ ಯೋಚ್ನೆ ಮಾಡಿ. ನಿಮ್ಮ ಕೈ ಮೇಲೇ ನಂಬಿಕೆ ಹೋಗತ್ತೆ. ಆಕ್ಸಲ್ ಕೊಯ್ಯಿ ಅಂತಾರೆ. ಇಷ್ಟು ದಿನ ಒದ್ದಾಡಿದ್ದು ಮಾಫಿ, ಸೊನ್ನೆ."

ಅವರ ಲೆಕ್ಕ ತಪ್ಪಿರಲಿಲ್ಲ. ಅಂದು ಸಂಜೆಯವರೆಗೂ ನಾನು ಅದೇ ಲೆಕ್ಕವನ್ನು ಮಾಡುತ್ತಿದ್ದೆ. ಜಾಕನ್ನು ಆಕ್ಸಲ್‌ನ ಕೆಳಗಿಟ್ಟು, ರಾಡ್‌ಗಳನ್ನು ಒಂದೊಂದು ಸುತ್ತಾಗಿ ಸಡಿಲಿಸುತ್ತಾ, ಹೇಳದೆ ಇದ್ದರೆ ಆಗುವ ನಷ್ಟವೇನೆಂದು ಕೇಳಿಕೊಂಡೆ. ಕಾರು ಸರಿಯಾಗುತ್ತದೆ, ಆಕ್ಸಲ್ ಉಳಿಯುತ್ತದೆ. ಆದರೆ ಮುಂದೆ ಇನ್ನೊಬ್ಬ ಮೆಕ್ಯಾನಿಕ್ ಇದೇ ಕಾರನ್ನು ಇಂಥದೇ ಲಿಫ್ಟಿನ ಮೇಲೆ ಏರಿಸುತ್ತಾನೆ. ಅದು ಮತ್ತೆ ಎಡಕ್ಕೆಳೆಯುತ್ತದೆ. ಈ ಜಾತಿಯ ಕಾರೇ ಹೀಗೆ ಎಂದು ಅವನಿಗೆ ಯಾರೋ ಹೇಳುತ್ತಾರೆ. ಇಂಥ ಮಾತುಗಳು ಎಲ್ಲಿ ಹುಟ್ಟುತ್ತವೆಂದು ನಾನು ಇಷ್ಟು ವರ್ಷ ಆಶ್ಚರ್ಯಪಟ್ಟಿದ್ದೆ. ತನ್ನ ತಪ್ಪನ್ನು ಕಾರಿನ ಸ್ವಭಾವವೆಂದು ದಾಟಿಸಿದ ಯಾವನೋ ಒಬ್ಬ ಮೆಕ್ಯಾನಿಕ್‌ನ ಬಾಯಲ್ಲಿ ಅವು ಹುಟ್ಟಿರಬೇಕು.

ಶುಕ್ರವಾರ ಬೆಳಿಗ್ಗೆ ಹಂಪ್ ದಾಟಿ ಹನ್ನೆರಡು ಬಾರಿ ನಿಲ್ಲಿಸಿದೆ. ಹನ್ನೊಂದು ಬಾರಿ ನೇರ. ಕೊನೆಯದರಲ್ಲಿ, ಡ್ರಮ್ ಕಾದಿದ್ದಾಗ, ಎಡಕ್ಕೆ ನಾಲ್ಕು ಬೆರಳು. ಎಲ್ಲವನ್ನೂ ಬರೆದುಕೊಂಡೆ.

ಶನಿವಾರ ಎಂಟಕ್ಕೆ ಮಾಲೀಕರು ಬಂದರು. ಮೆಷಿನ್ ಶಾಪಿನ ಪಿಕಪ್ ಆಗಲೇ ಗೇಟಿನ ಬಳಿ ನಿಂತಿತ್ತು. ಮ್ಯಾನೇಜರ್ ಪ್ಲೇಟಿನ ಸಂಗತಿಯನ್ನು ವಿವರಿಸಿದರು. ಉಕ್ಕಿನ ತುಂಡನ್ನೂ ರಟ್ಟುಗಳನ್ನೂ ತೋರಿಸಿದರು. ಮಾಲೀಕರು ರಟ್ಟಿನ ಮೇಲಿನ ಗೆರೆಗಳನ್ನು ಬೆರಳಿನಿಂದ ಸವರಿ, "ಕಾರೇ ಬರೆದದ್ದಾ?" ಎಂದು ಸಂತೋಷಪಟ್ಟರು. ನಾನು ಕೈಪಿಡಿಯನ್ನು ತೆರೆದು ಹಿಡಿದೆ.

ಅವರ ಮತ್ತು ನನ್ನ ನಡುವಿನ ಭಾಷೆ ಅರಬ್ಬಿಯೂ ಅಲ್ಲ, ಹಿಂದಿಯೂ ಅಲ್ಲ. ಈ ಊರಿನ ಮಿಶ್ರ ಮಾತು. ಅದರಲ್ಲಿ ತಪ್ಪನ್ನು ಮುಚ್ಚುವಷ್ಟು ಶಬ್ದಗಳಿಲ್ಲ. ಪುಸ್ತಕ ಹೀಗೆ ಹೇಳಿತ್ತು, ನಾನು ಹೊಡೆದುಹಾಕಿದೆ, ಮಗುವಿಗೆ ಪೆಟ್ಟಾದದ್ದು ನನ್ನಿಂದ ಎಂದೆ. ಮ್ಯಾನೇಜರ್ ಗೋಡೆಯ ಕಡೆಗೆ ನೋಡುತ್ತಿದ್ದರು.

ಮಾಲೀಕರು ಪುಟವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಅವರಿಗೆ ಆ ಇಂಗ್ಲಿಷೂ ಬಾರದು, ನನ್ನ ಕನ್ನಡವೂ ಬಾರದು. ಗೀಟಿನ ಮೇಲೆ ಬೆರಳಿಟ್ಟು, "ಇದು ನೀನು?" ಎಂದರು.

"ನಾನು."

"ಉಸ್ತಾದ್, ಇದನ್ನು ನನ್ನ ಮಗನಿಗೂ ನೀನೇ ಹೇಳು." ಫೋನ್ ಮಾಡಿ ನನ್ನ ಕೈಗಿಟ್ಟರು.

ಅವರ ಮಗ ಸ್ವಚ್ಛ ಇಂಗ್ಲಿಷಿನಲ್ಲಿ ಮಾತಾಡುವವರು. ಎಲ್ಲವನ್ನೂ ಕೇಳಿದರು. ನಾನು ಹನ್ನೆರಡನೆಯ ಬಾರಿಯ ನಾಲ್ಕು ಬೆರಳನ್ನೂ ಹೇಳಿದೆ. ಅರವತ್ತರ ಮೇಲೆ ಓಡಿಸಬಾರದೆಂದೂ, ತಿಂಗಳಿಗೊಮ್ಮೆ ಕಾರು ನನ್ನ ಬಳಿ ಬರಬೇಕೆಂದೂ ಹೇಳಿದೆ. ಕಾರು ತಂದೆಯದು, ತೀರ್ಮಾನವೂ ತಂದೆಯದು ಎಂದರು ಅವರು. ಆಮೇಲೆ ದನಿ ಏರಿಸದೆ ಹೇಳಿದರು: ತಮ್ಮ ಮಗಳು ಮಾತ್ರ ಆ ಕಾರಿನಲ್ಲಿ ಕೂರುವುದಿಲ್ಲ.

ಮಾಲೀಕರು ಚಾಲಕನ ಜಾಗದಲ್ಲಿ ಕೂತು ಪಕ್ಕದ ಸೀಟನ್ನು ತಟ್ಟಿದರು. "ಯಲ್ಲಾ, ಹೊರಡೋಣ. ನಿನ್ನ ಬ್ರೇಕ್, ನೀನು ಕೂತುಕೋ." ಹಿಂದಿನ ರಸ್ತೆಯಲ್ಲಿ ಎರಡು ಸುತ್ತು, ನಾಲ್ಕು ಬಾರಿ ಹಂಪ್. ನಾಲ್ಕನೆಯ ಬಾರಿ ಅವರು ಸ್ಟಿಯರಿಂಗ್‌ನಿಂದ ಎರಡೂ ಕೈ ಎತ್ತಿ ಬ್ರೇಕ್ ತುಳಿದರು. ನನ್ನ ಬಾಯಿಂದ ತುಳುವಿನಲ್ಲಿ ಏನೋ ಹೊರಟಿತು. ಕಾರು ನೇರ ನಿಂತಿತು. ಅವರು ನಗಲಿಲ್ಲ, ಗೇಟಿಗೆ ಬಂದು ಪಿಕಪ್ಪಿನವನಿಗೆ ಹೋಗು ಎಂದು ಕೈ ಬೀಸಿದರು.

ಗೆದ್ದವನಿಗೆ ನೆಮ್ಮದಿ ಬರುತ್ತದೆಂಬುದು ಕೂಡ ಅಳೆದು ನೋಡದೆ ಹೇಳುವ ಮಾತುಗಳಲ್ಲೊಂದು. ಆ ಆಕ್ಸಲ್ ಕೊಯ್ದಿದ್ದರೆ ಹೊಣೆ ಡಿಸ್ಕ್ ಬ್ರೇಕ್ ಮಾಡಿದವರದ್ದಾಗುತ್ತಿತ್ತು. ಈಗ ನನ್ನದು. ಶುಕ್ರವಾರಗಳಂದು ಬೆಳಿಗ್ಗೆ ಆರರಿಂದ ಏಳರವರೆಗೆ ಅವರು ಕಾರು ಹೊರಗೆ ತೆಗೆಯುತ್ತಾರೆ. ಅಲ್ ಥುಮಾಮಾದ ನನ್ನ ಕೋಣೆಯಲ್ಲಿ ಆ ಒಂದು ಗಂಟೆ ನಾನು ಪತ್ರಿಕೆ ಓದುವುದಿಲ್ಲ, ಊರಿಗೆ ಫೋನ್ ಮಾಡುವುದಿಲ್ಲ. ಕಾರು ಮನೆ ಸೇರಿದ ಮೇಲೆ ಡ್ರೈವರ್ ಒಂದು ಸಂದೇಶ ಕಳಿಸುತ್ತಾನೆ. ನಾನು ಗದರಿದ್ದವನೇ ಆತ. ಈಗ ಡ್ರಮ್ ಮುಟ್ಟಿ ನೋಡಿ, ಬಿಸಿಯೋ ತಣ್ಣಗೋ ಎಂದು ಬರೆಯುತ್ತಾನೆ. ಇಷ್ಟು ವಾರಗಳಲ್ಲಿ ಒಮ್ಮೆಯೂ ಬಿಸಿ ಎಂದು ಬರೆದಿಲ್ಲ.

ಮೊನ್ನೆ ಶುಕ್ರವಾರ ಎರಡು ಸಂದೇಶ ಬಂದವು. ಮೊದಲನೆಯದು ಎಂದಿನದು. ಎರಡನೆಯದರಲ್ಲಿ, ಮುಂದಿನ ವಾರ ಮೊಮ್ಮಗಳೂ ಅಜ್ಜನ ಜೊತೆ ಬರುತ್ತಾಳಂತೆ, ಅವಳಪ್ಪನೇ ಹೂಂ ಅಂದರಂತೆ ಎಂದಿತ್ತು.

ಉತ್ತರ ಬರೆದೆ: ನಾಳೆ ಬೆಳಿಗ್ಗೆಯೇ ಕಾರು ತಾ.